ಶಾಕ್‌ಅಪ್ಪಿನ ಮೇಲೊಂದು ಗೀರು

ಭತ್ತದ ಕಟಾವಿನ ದಿನಗಳು. ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಢೇಸುಗೂರಿನ ನಮ್ಮ ಮನೆಯ ಮುಂದೆ ತನ್ನ ಗೇರ್ ಸೈಕಲ್ ಹಿಡಿದು ನಿಂತಿದ್ದ. ಮುಂದಿನ ಚಕ್ರದ ಶಾಕ್‌ಅಪ್ಪಿಗೆ ಕರಿಯ ಇನ್ಸುಲೇಷನ್ ಟೇಪ್ ಸುತ್ತಿತ್ತು. "ಏನಪ್ಪಾ ಇದು?" ಎಂದೆ. "ಸರ, ಅಪ್ಪಗ ಹೇಳಬ್ಯಾಡ್ರಿ" ಎಂದು ಶುರು ಮಾಡಿದ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸೈಕಲ್ ಹಾಕಿಕೊಂಡು ಬರುವಾಗ ಕಬ್ಬಿಣದ ಸಲಾಕೆಯೊಂದು ಉಜ್ಜಿ, ಹೊಳೆಯುವ ಕೊಳವೆಯ ಮೇಲೆ ಗೀರು ಬಿದ್ದಿದೆ. ಅಪ್ಪ ಕಂಡರೆ ಬೈದಾನೆಂದು ಟೇಪ್ ಸುತ್ತಿ ಮುಚ್ಚಿದ್ದಾನೆ.

ಟೇಪ್ ಬಿಚ್ಚಿಸಿದೆ. ಅಂಟಿಗೆ ಎರೆಮಣ್ಣು, ಉಸುಕು, ಭತ್ತದ ಹೊಟ್ಟು ಎಲ್ಲವೂ ಹತ್ತಿಕೊಂಡಿದ್ದವು. ಗೀರಿಗಿಂತ ಹೆಚ್ಚಿನ ಕೇಡನ್ನು ಟೇಪೇ ಮಾಡುತ್ತಿತ್ತು. "ಸರ, ಉಪ್ಪುಕಾಗದ ಹಚ್ಚಿ ತಿಕ್ಕಿದ್ರ ಹೋಗತೈತಿ ಏನ್ರಿ?" ಎಂದು ಕೇಳಿದ. ಈ ವಾರದ ಪಾಠ ಅವನ ಆ ಪ್ರಶ್ನೆಯಿಂದಲೇ ಹುಟ್ಟಿತು.

2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡಲು ಆರಂಭಿಸಿದ ಸೈಕಲ್ಲುಗಳಿಗೆ ಶಾಕ್‌ಅಪ್ ಇರಲಿಲ್ಲ. ಗುಂಡಿ ಬಂದರೆ ಹೊಡೆತ ನೇರ ಕೈಗೇ. ಒಂದು ಕೊಳವೆಯೊಳಗೆ ಇನ್ನೊಂದು ಜಾರಿ ಹೊಡೆತ ನುಂಗುವ ಫೋರ್ಕ್ ಮೊದಲು ಬಂದದ್ದು ಮೋಟಾರ್ ಸೈಕಲ್ಲಿಗೆ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಆರ್12 ಗಾಡಿಯಲ್ಲಿ ಎಣ್ಣೆ ತುಂಬಿದ ಇಂಥ ಫೋರ್ಕ್ ಇತ್ತು. ಬೆಟ್ಟಗುಡ್ಡ ಹತ್ತುವ ಸೈಕಲ್ಲಿಗೆ ಅಂಥದೇ ಫೋರ್ಕನ್ನು ಅಮೆರಿಕದ ಪಾಲ್ ಟರ್ನರ್ 1989ರಲ್ಲಿ ಮಾರುಕಟ್ಟೆಗೆ ತಂದರು. ಅದರ ಹೆಸರು ರಾಕ್‌ಶಾಕ್ಸ್ ಆರ್‌ಎಸ್-1. ಇಂದು ನಮ್ಮ ಕಾಲುವೆ ದಂಡೆಯ ಮೇಲೂ ಶಾಕ್‌ಅಪ್ ಇರುವ ಸೈಕಲ್ಲುಗಳು ಓಡುತ್ತವೆ.

ಮೇಲಿನ ಹೊಳೆಯುವ ಕೊಳವೆ ಕೆಳಗಿನ ದಪ್ಪ ಕೊಳವೆಯೊಳಗೆ ಇಳಿದು ಏಳುತ್ತದೆ. ಎರಡೂ ಕೂಡುವಲ್ಲಿ ಒಂದು ರಬ್ಬರ್ ಸೀಲ್ ಇದೆ. ಮಣ್ಣು, ನೀರು ಒಳಗೆ ಹೋಗದಂತೆ ತಡೆಯುವುದು, ಒಳಗಿನ ಗ್ರೀಸ್ ಅಥವಾ ಎಣ್ಣೆ ಹೊರಗೆ ಬರದಂತೆ ಹಿಡಿಯುವುದು ಅದರ ಕೆಲಸ. ಗೀರು ಬಿದ್ದ ಕೊಳವೆ ಪ್ರತಿ ಗುಂಡಿಗೂ ಒಮ್ಮೆ ಈ ಮೆತ್ತನೆಯ ರಬ್ಬರನ್ನು ಕೊಯ್ಯುತ್ತದೆ.

ಗೀರು ಎಂದರೆ ಬರೀ ತಗ್ಗಲ್ಲ. ಹೊಲದಲ್ಲಿ ನೇಗಿಲು ಹೊಡೆದಾಗ ಏನಾಗುತ್ತದೆ? ನಡುವೆ ಸಾಲು ಬೀಳುತ್ತದೆ, ಎರಡೂ ಬದಿಗೆ ಮಣ್ಣು ಏರುತ್ತದೆ. ಲೋಹದ ಮೇಲೂ ಅಷ್ಟೇ: ನಡುವೆ ತಗ್ಗು, ಅಂಚಿನಲ್ಲಿ ಕಣ್ಣಿಗೆ ಕಾಣದ ದಿಬ್ಬ. ಸೀಲನ್ನು ಕೊಯ್ಯುವುದು ದಿಬ್ಬ, ನೀರಿಗೆ ದಾರಿ ಬಿಡುವುದು ತಗ್ಗು. ದಿಬ್ಬ ಇಳಿಸಬೇಕು, ತಗ್ಗು ತುಂಬಬೇಕು, ಉಳಿದ ಜಾಗ ಮುಟ್ಟಬಾರದು. ರಿಪೇರಿ ಎಂದರೆ ಇಷ್ಟೇ.

ಉಳಿದ ಜಾಗ ಮುಟ್ಟಬಾರದೇಕೆ? 1812ರಲ್ಲಿ ಫ್ರೀಡ್ರಿಶ್ ಮೋಸ್ ಎಂಬ ವಿಜ್ಞಾನಿ ಖನಿಜಗಳ ಗಟ್ಟಿತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟರು. ಆ ಅಳತೆಯಲ್ಲಿ ನಮ್ಮ ಉಗುರು ಸುಮಾರು 2.5, ಉಸುಕಿನ ಬಿಳಿಕಲ್ಲು 7, ಕ್ರೋಮಿಯಂ ಸುಮಾರು 8.5. ಹಾಗಾದರೆ ಕ್ರೋಮ್ ಲೇಪಕ್ಕೆ ಸಲಾಕೆಯಿಂದ ಗೀರು ಹೇಗೆ ಬಿತ್ತು? ಲೇಪ ಗಟ್ಟಿ, ಆದರೆ ಬಲು ತೆಳು. ಹೊಳಪಿಗಾಗಿ ಕೊಡುವ ಕ್ರೋಮ್ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳ್ಳಗಿರುತ್ತದೆ. ಅಡಿಯ ಲೋಹ ತಗ್ಗಿದರೆ ಮೇಲಿನ ಲೇಪ ಮೊಟ್ಟೆಯ ಚಿಪ್ಪಿನಂತೆ ಒಡೆಯುತ್ತದೆ. ಅದರ ಮೇಲೆ ಒರಟು ಉಪ್ಪುಕಾಗದ ತಿಕ್ಕಿದರೆ ಇದ್ದ ಲೇಪವೂ ಹೋಗಿ ತುಕ್ಕು ಹಿಡಿಯುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹದಿನೈದು ವರ್ಷದ ಹಿಂದೆ ನನ್ನ ಮೋಟಾರ್ ಸೈಕಲ್ಲಿನ ಫೋರ್ಕಿಗೆ ಗೀರು ಬಿದ್ದಾಗ, ಬಿಎಸ್‌ಸಿ ಓದಿದ ಜಂಬದಲ್ಲಿ ಒರಟು ಎಮರಿ ಪೇಪರ್ ತಂದು ಮೇಲಿಂದ ಕೆಳಗೆ ಚೆನ್ನಾಗಿ ತಿಕ್ಕಿದೆ. ಒಂದು ಗೀರು ಹೋಗಿ ನೂರು ಗೀರಾದವು. ಎಲ್ಲವೂ ಉದ್ದುದ್ದ, ಎಣ್ಣೆ ಹರಿಯಲು ನಾನೇ ತೋಡಿಕೊಟ್ಟ ಕಾಲುವೆಗಳು! ಹೊಸ ಸೀಲ್ ಹಾಕಿಸಿದರೂ ಸೋರುವುದು ನಿಲ್ಲಲಿಲ್ಲ. ಒಂದು ದಿನ ತುಂಗಭದ್ರಾ ಸೇತುವೆಯ ಮೇಲೆ, ಹುಲ್ಲಿನ ಬಂಡಿಯೊಂದು ಎದುರಾದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲೊಲ್ಲದು. ಫೋರ್ಕಿನ ಎಣ್ಣೆ ಇಳಿದು ಬ್ರೇಕ್ ಡಿಸ್ಕಿಗೆ ಹತ್ತಿತ್ತು. ಹಿಂದಿನ ಬ್ರೇಕಿನಿಂದ ಹೇಗೋ ನಿಂತೆ. ಅಂದಿನ ಕೈ ನಡುಕ ಇನ್ನೂ ನೆನಪಿದೆ.

ಈಗ ಹುಡುಗನ ಸೈಕಲ್ಲಿಗೆ ಬರೋಣ. ಮೊದಲು ಸೋಪಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಕೊಳವೆ ಒರೆಸಿದೆವು. ಸೀಲಿನ ಪಕ್ಕದಲ್ಲೇ ಕೊಳವೆಗೆ ಒಂದು ದಾರ ಬಿಗಿಯಾಗಿ ಕಟ್ಟಿ, ಅವನನ್ನು ಗುಂಡಿಗಳ ಮೇಲೆ ಒಂದು ಸುತ್ತು ಓಡಿಸಿಕೊಂಡು ಬಾ ಎಂದೆ. ಸೀಲ್ ದಾರವನ್ನು ಮೇಲಕ್ಕೆ ತಳ್ಳಿ ಅಲ್ಲೇ ಬಿಟ್ಟಿತ್ತು. ಸೀಲ್ ಎಲ್ಲಿಯವರೆಗೆ ಓಡಾಡುತ್ತದೆ ಎಂಬುದಕ್ಕೆ ಅದೇ ಗುರುತು. ಗೀರು ದಾರಕ್ಕಿಂತ ಬಹಳ ಮೇಲಿದ್ದರೆ ತುಕ್ಕು ಹಿಡಿಯದಂತೆ ನೋಡಿಕೊಂಡರೆ ಸಾಕು. ಇವನ ಗೀರು ಕೆಳಗೇ ಇತ್ತು.

ಬಳಿಕ ಒಂದು ಚೂರು ಹತ್ತಿಯನ್ನು ಕೊಳವೆಯ ಮೇಲೆ ಹಗುರವಾಗಿ ಎಳೆದೆವು. ಎಳೆ ಸಿಕ್ಕಿಕೊಂಡಲ್ಲಿ ದಿಬ್ಬವಿದೆ ಎಂದರ್ಥ. ಗೀರಿನ ಸುತ್ತ ಸೆಲ್ಲೋಟೇಪ್ ಹಚ್ಚಿ ಒಳ್ಳೆಯ ಜಾಗ ಮುಚ್ಚಿ, ಬಣ್ಣದ ಅಂಗಡಿಯಲ್ಲಿ ಸಿಗುವ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಗೀರಿನ ಮೇಲಷ್ಟೇ ತಿಕ್ಕಿದೆವು. ಮೇಲೆ ಕೆಳಗೆ ಅಲ್ಲ, ಬಳೆ ತಿರುಗಿಸಿದಂತೆ ಅಡ್ಡಡ್ಡ. ಹತ್ತಿ ಸಿಕ್ಕಿಕೊಳ್ಳುವುದು ನಿಂತ ಕೂಡಲೇ ಕೈಯೂ ನಿಲ್ಲಬೇಕು.

ತಗ್ಗಿನ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಎರಡು ಟ್ಯೂಬುಗಳಲ್ಲಿ ಬರುವ ಎಪಾಕ್ಸಿ ಅಂಟನ್ನು ಕಲಸಿ ಕಡ್ಡಿಯ ತುದಿಯಿಂದ ತುಂಬಿದೆವು. ಸಣ್ಣ ಗೀರಾದರೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಎರಡು ಮೂರು ಸಲ ಹಚ್ಚಿದರೂ ಆದೀತು. ಒಂದು ಪೂರ್ತಿ ದಿನ ಒಣಗಿಸಿ, ಉಬ್ಬಿದ್ದನ್ನು ಅದೇ ಪೇಪರಿನಿಂದ ಸಮ ಮಾಡಿ, ಒರೆಸಿ ಟೇಪ್ ತೆಗೆದೆವು.

ಒಂದು ಎಚ್ಚರಿಕೆ. ಇದು ಗೀರಿಗೆ ಮದ್ದು, ಬಿರುಕಿಗಲ್ಲ. ಕೊಳವೆ ಬಾಗಿದ್ದರೆ, ಬಿರಿದಿದ್ದರೆ, ಆಳವಾಗಿ ನೆಗ್ಗಿದ್ದರೆ ಬದಲಿಸಲೇಬೇಕು. ಓಡುವಾಗ ಫೋರ್ಕ್ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಮೋಟಾರ್ ಸೈಕಲ್ಲಿನ ಫೋರ್ಕ್ ಎಣ್ಣೆ ಸೋರುತ್ತಿದ್ದರೆ ಮನೆಯಲ್ಲಿ ಕೈ ಹಾಕದೆ ಮೆಕ್ಯಾನಿಕ್ಕರಲ್ಲಿಗೆ ಒಯ್ಯಿರಿ. ಸರ್ವಿಸಿಂಗಿನ ಜೋರು ನೀರನ್ನು ಸೀಲಿಗೆ ಹೊಡೆಸಬೇಡಿ. ಸೀಮೆಎಣ್ಣೆಯನ್ನೂ ಸುರಿಯಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಗದ್ದೆ ದಾರಿಯಲ್ಲಿ ಓಡಿಸಿದ ದಿನ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಮರುದಿನ ಸೈಕಲ್ ಒಯ್ಯಲು ಹುಡುಗನ ಜೊತೆ ಅವನ ಅಪ್ಪನೇ ಬಂದ. ರಾತ್ರಿ ಮಗನೇ ಎಲ್ಲ ಹೇಳಿದ್ದನಂತೆ. ಕೊಳವೆಯ ಮೇಲೆ ಬೆರಳಾಡಿಸಿ ನೋಡಿ, "ನಮ್ಮ ಟ್ರೇಲರ್ ಜಾಕಿನ ರಾಡಿಗೂ ಹಿಂಗ ಗೀರ ಬಿದ್ದು ಎಣ್ಣಿ ಬಿಡತೈತ್ರಿ ಸರ. ನಾ ಸೀಲ್ ಖರಾಬ್ ಅಂತ ಎರಡು ಸಲ ಬದಲಿ ಮಾಡಿಸೀನಿ" ಎಂದ. ರೋಗ ಅದೇ, ಆದರೆ ಅಲ್ಲಿ ಎಣ್ಣೆಯ ಒತ್ತಡ ಬಹಳ, ಈ ಅಂಟು ತಡೆಯದು, ರಾಡನ್ನೇ ವರ್ಕ್‌ಶಾಪಿಗೆ ಒಯ್ಯಿರಿ ಎಂದೆ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಬೈಯಲಿಲ್ಲ. "ಇನ್ನ ಮ್ಯಾಲೆ ಏನರ ಆದ್ರ ಟೇಪ್ ಸುತ್ತಬ್ಯಾಡ, ನನಗ ಹೇಳು" ಎಂದಷ್ಟೇ ಹೇಳಿ, ಸೈಕಲ್ ಹಿಡಿದುಕೊಂಡು ಮಗನ ಜೊತೆ ನಡೆದ.