ಸಂದರ್ಶನದಲ್ಲಿ ಶೇ 93ರಷ್ಟು ಹಾವಭಾವವೇ ಮುಖ್ಯವೇ? ಹಣ ಕಟ್ಟುವ ಮುನ್ನ ಓದಿ

ಕೆಲಸ ಹುಡುಕುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಆಗಾಗ ಹರಿದಾಡುತ್ತದೆ: "ಸಂದರ್ಶನದಲ್ಲಿ ನಿಮ್ಮ ಮಾತಿಗೆ ಶೇ 7ರಷ್ಟೇ ಬೆಲೆ. ಉಳಿದ ಶೇ 93 ದನಿ ಮತ್ತು ಹಾವಭಾವ." ಕೆಳಗೆ ಆನ್‌ಲೈನ್ ತರಬೇತಿಯ ಲಿಂಕ್, ಜೊತೆಗೆ ಶುಲ್ಕ. ಚಿಂಚೋಳಿಯಂಥ ತಾಲ್ಲೂಕಿನಲ್ಲಿ ಕಲಬುರಗಿಗೆ ಹೋಗಿ ಕೋಚಿಂಗ್ ಸೇರುವುದೇ ದೊಡ್ಡ ಖರ್ಚು. ಮೊಬೈಲಿನಲ್ಲೇ ಸಿಗುವ ತರಬೇತಿಯ ಮೇಲೆ ಆಸೆ ಹುಟ್ಟುವುದು ಸಹಜ. ಆದರೆ ಈ ಲೆಕ್ಕ ನಿಜವೇ?

ಸಂಖ್ಯೆ ಬಂದದ್ದು ಎಲ್ಲಿಂದ?

1967ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು ಎರಡು ಪ್ರಯೋಗ ನಡೆಸಿದರು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರಿಗೆ ಇಷ್ಟವೋ ಅನಿಷ್ಟವೋ ಊಹಿಸಲು ಹೇಳಿದರು. 7, 38, 55 ಎಂಬ ಅಂಕಿಗಳು ಅಲ್ಲಿಂದ ಬಂದವು. ಇದು ಭಾವನೆಗಳ ಕುರಿತ ಮಾತಿಗಷ್ಟೇ ಅನ್ವಯ ಎಂದು ಸ್ವತಃ ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಉದ್ಯೋಗ ಸಂದರ್ಶನಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ವೈರಿಂಗ್ ಗೊತ್ತಿಲ್ಲದ ಎಲೆಕ್ಟ್ರಿಷಿಯನ್‌ಗೆ ನಗುಮುಖ ಕೆಲಸ ಕೊಡಿಸುವುದಿಲ್ಲ.

"ಗೆದ್ದೆ ಎಂದುಕೊಳ್ಳಿ, ಗೆಲ್ಲುತ್ತೀರಿ"

ಪ್ರೇರಣಾ ಭಾಷಣಗಳ ಈ ಸಲಹೆಯನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಗೇಬ್ರಿಯಲ್ ಓಟಿಂಗನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಸಿಕ್ಕಂತೆ ಹೆಚ್ಚು ಹಗಲುಗನಸು ಕಂಡ ಜರ್ಮನಿಯ ವಿದ್ಯಾರ್ಥಿಗಳು ಎರಡು ವರ್ಷದಲ್ಲಿ ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಸಿಕ್ಕ ಕೆಲಸದ ಅವಕಾಶಗಳೂ ಕಡಿಮೆ. ನಂಬಿಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಕನಸಿನಲ್ಲೇ ಕೆಲಸ ಸಿಕ್ಕಿಬಿಟ್ಟರೆ ಅರ್ಜಿ ಹಾಕುವ ಹುರುಪು ಕುಗ್ಗುತ್ತದೆ.

ಸಂದರ್ಶನ ಇದೆಯೇ, ಮೊದಲು ನೋಡಿ

ಕೇಂದ್ರ ಸರ್ಕಾರದ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನ ರದ್ದಾಗಿದೆ. "ರೈಲ್ವೆ ಗ್ರೂಪ್ ಡಿ ಸಂದರ್ಶನ ಗ್ಯಾರಂಟಿ ಪಾಸ್" ಎನ್ನುವವರು ಇಲ್ಲದ ಸಂದರ್ಶನಕ್ಕೆ ದುಡ್ಡು ಕೇಳುತ್ತಿದ್ದಾರೆ. ರಾಜ್ಯದ ಹುದ್ದೆಗಳಾದರೆ ಅಧಿಸೂಚನೆಯಲ್ಲಿ ಆಯ್ಕೆ ವಿಧಾನವನ್ನು ಓದಿ. ಸಂವಿಧಾನದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ನಮ್ಮ ಭಾಗದವರಿಗೇ ಮೀಸಲು. ಇದರ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಯಾವ ಪ್ರೇರಣಾ ಭಾಷಣಕ್ಕಿಂತಲೂ ಉಪಯುಕ್ತ.

ಯಾವುದು ಪ್ರಯೋಜನಕ್ಕೆ ಬರುತ್ತದೆ?

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಯಾಗಲಿ, ಬೆಂಗಳೂರಿನ ಕಂಪನಿಯಾಗಲಿ, ಸಂದರ್ಶನ ಇದ್ದೇ ಇದ್ದರೆ ಹೀಗೆ ಮಾಡಿ:

• ನೀವೇ ಮಾಡಿದ ಮೂರು ಕೆಲಸ ಆರಿಸಿ. ಏನು ಸಮಸ್ಯೆ ಇತ್ತು, ನೀವೇನು ಮಾಡಿದಿರಿ, ಏನಾಯಿತು ಎಂದು ಎರಡು ನಿಮಿಷದಲ್ಲಿ ಹೇಳಲು ಕಲಿಯಿರಿ.
• ಉತ್ತರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ತಿದ್ದಿಕೊಳ್ಳಿ. ಗೆಳೆಯರಿಂದ ಪ್ರಶ್ನೆ ಕೇಳಿಸಿ.
• ಆನ್‌ಲೈನ್ ಸಂದರ್ಶನವಾದರೆ ನೆಟ್‌ವರ್ಕ್ ಸಿಗುವ ಜಾಗ ಹಿಂದಿನ ದಿನವೇ ನೋಡಿಡಿ. ಬೆಳಕು ಮುಖದ ಮೇಲೆ ಬೀಳಲಿ.
• ಕೆಲಸ ಕೊಡಲು ನೋಂದಣಿ ಶುಲ್ಕ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಶೇ 93ರ ಮಾತು ದಾರಿ ತಪ್ಪಿಸುವಂಥದ್ದು. ಹಾವಭಾವ ಗಮನಕ್ಕೆ ಬರುವುದು ನಿಜ, ಆದರೆ ಅದು ಉತ್ತರಕ್ಕೆ ಬದಲಿಯಲ್ಲ. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಕೆಲಸಕ್ಕಾಗಿ ಕಾಯುತ್ತಿರುವ ಯಾರೋ ಒಬ್ಬರು ಅದನ್ನು ನಂಬಿ ಮನೆಯವರ ದುಡ್ಡು ಕಟ್ಟಿಬಿಡಬಹುದು.