ಚೌಕಟ್ಟು ಮೊದಲು, ಮನುಷ್ಯ ಆಮೇಲೆ

ಬೀದಿಯಲ್ಲಿ ಚೆಂದದ ಮುಖ ಕಂಡ ಕೂಡಲೇ ನಾವೆಲ್ಲ ಏನ್ ಮಾಡ್ತೀವಿ? ಫೋನ್ ಎತ್ತಿ, ಲಾಕ್ ತೆಗೆದು, ಕ್ಯಾಮೆರಾ ಓಪನ್ ಮಾಡ್ತೀವಿ. ಅಷ್ಟರಲ್ಲಿ ಆ ಮುಖ ನಮ್ಮನ್ನೇ ನೋಡ್ತಿರುತ್ತೆ. ನಗು ಹೋಗಿ ಗುಮಾನಿ ಬಂದಿರುತ್ತೆ.

ವೀಕೆಂಡ್‌ಗೆ ಬಾಬುರಾಯನಕೊಪ್ಪಲಿಗೆ ಹೋದಾಗ ನಾನು ಇದನ್ನೇ ಉಲ್ಟಾ ಮಾಡ್ತೀನಿ. ಮೊದಲು ಜಾಗ ಹುಡುಕ್ತೀನಿ. ಬೆಳಗಿನ ಓರೆ ಬಿಸಿಲು ಬೀಳೋ ಒಂದು ಗೋಡೆ, ಪಕ್ಕದಲ್ಲಿ ದಟ್ಟ ನೆರಳು ಇದ್ರೆ ಸಾಕು. ಸ್ಕ್ರೀನ್ ಮೇಲೆ ಬಿಸಿಲಿನ ಭಾಗಕ್ಕೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸ್ತೀನಿ. ನೆರಳು ಕಪ್ಪಾಗುತ್ತೆ, ಆಗಲಿ ಬಿಡಿ. ಫ್ಲೆಕ್ಸು, ವೈರು, ನಿಲ್ಲಿಸಿದ ಬೈಕು ಎಲ್ಲ ಅದರಲ್ಲೇ ಮುಳುಗುತ್ತೆ. ಇನ್ನು ಕಾಯೋದಷ್ಟೇ. ಡೇರಿಗೆ ಹಾಲು ಹಾಕಲು ಹೋಗೋರು, ಸ್ಕೂಲ್ ಮಕ್ಕಳು, ಯಾರಾದ್ರೂ ಬಂದೇ ಬರ್ತಾರೆ.

ಯಾವಾಗ ಒತ್ತಬೇಕು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಇದೆ (ಎಂಜಿನಿಯರ್ ಅಲ್ವಾ, ಸುಮ್ನಿರೋಕಾಗಲ್ಲ). ನಡೆಯೋ ಮನುಷ್ಯ ಸೆಕೆಂಡಿಗೆ ಸುಮಾರು 2 ಹೆಜ್ಜೆ ಇಡ್ತಾನೆ. ಕಣ್ಣು ನೋಡಿ ಬೆರಳು ಒತ್ತೋಕೆ ಕಾಲು ಸೆಕೆಂಡ್ ಹತ್ತಿರ ಬೇಕು, ಅಂದ್ರೆ ಅರ್ಧ ಹೆಜ್ಜೆ. ಕಾಲು ಅಗಲವಾಗಿದ್ದನ್ನು ನೋಡಿ ಒತ್ತಿದ್ರೆ, ಫೋಟೋದಲ್ಲಿ ಎರಡೂ ಕಾಲು ಕೂಡಿರುತ್ತೆ. ಮನುಷ್ಯ ಕಂಬದ ಥರ ಕಾಣ್ತಾನೆ. ಹಾಗಾಗಿ ಕಾಲು ಕೂಡುವಾಗಲೇ ಒತ್ತಬೇಕು. ಈಗಿನ ಎಷ್ಟೋ ಫೋನ್‌ಗಳು ಬಟನ್ ಒತ್ತೋಕೆ ಮುಂಚಿನ ಫ್ರೇಮುಗಳನ್ನೂ ಹಿಡಿದಿಟ್ಟುಕೊಂಡಿರ್ತವೆ, ನಿಜ. ಅದು ಫೋನಿನ ತಡ ಸರಿಮಾಡುತ್ತೆ, ನಮ್ಮ ತಡವನ್ನಲ್ಲ. ಬರ್ಸ್ಟ್ ಮೋಡ್ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. 1932ರಲ್ಲಿ ಪ್ಯಾರಿಸ್‌ನ ರೈಲ್ವೆ ಸ್ಟೇಷನ್ ಹಿಂದೆ ನೀರು ದಾಟಿ ಹಾರುತ್ತಿದ್ದವನನ್ನು ಹೆನ್ರಿ ಕಾರ್ಟಿಯೆ-ಬ್ರೆಸಾನ್ ಹಿಡಿದರಲ್ಲ, ಹಿಮ್ಮಡಿ ನೀರಿಗೆ ತಾಕೋಕೆ ಕೂದಲೆಳೆಯಷ್ಟೇ ಬಾಕಿ.

ಕೆಲಸ ಮಾಡೋರ ಫೋಟೋ ಇನ್ನೂ ಸುಲಭ, ಕೆಲಸಕ್ಕೆ ಒಂದು ಲಯ ಇರುತ್ತೆ. ಹೆದ್ದಾರಿ ಬದಿಯ ಕಬ್ಬಿನ ಹಾಲಿನ ಅಂಗಡಿಯನ್ನೇ ನೋಡಿ. ಅರೆದ ಜಲ್ಲೆಯನ್ನು ಮಡಚಿ, ಮಧ್ಯೆ ಶುಂಠಿ, ನಿಂಬೆ ಇಟ್ಟು ಮತ್ತೆ ಗಾಣಕ್ಕೆ ಕೊಡ್ತಾರೆ. ಮಡಚುವಾಗ ಎರಡೂ ಮೊಣಕೈ ಮೇಲೇಳುತ್ತೆ. ಒಂದು ಗ್ಲಾಸ್ ಕುಡಿಯೋಷ್ಟರಲ್ಲಿ ಆ ಲಯ ಗೊತ್ತಾಗುತ್ತೆ. ನೀಲಿ ಟಾರ್ಪಾಲ್ ಕೆಳಗೆ ಮುಖವೆಲ್ಲ ನೀಲಿಯಾಗುತ್ತೆ, ಅಂಚಿಗೆ ಬರೋತನಕ ಕಾಯಿರಿ.

ಇನ್ನು ತೆಗೀಬಹುದಾ, ಬಾರದಾ ಅನ್ನೋ ಪ್ರಶ್ನೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜೀವನಪೂರ್ತಿ ಸಾಮಾನ್ಯ ಜನರನ್ನೇ ಹಿಡಿದರು. ಅವರ ಚಿತ್ರಗಳಲ್ಲಿ ಯಾರೂ ಸಿಕ್ಕಿಬಿದ್ದವರ ಥರ ಕಾಣಲ್ಲ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡೋಕೆ ಬಂದವರ ಮೇಲೆ ಬೆಳಕು ಎಷ್ಟೇ ಚೆನ್ನಾಗಿ ಬಿದ್ದಿರಲಿ, ನನ್ನ ಫೋನ್ ಜೇಬಲ್ಲೇ ಇರುತ್ತೆ. ಉಳಿದ ಕಡೆ, ತೆಗೆದ ಮೇಲೆ ತೋರಿಸಿಬಿಡ್ತೀನಿ.

ಕಬ್ಬಿನ ಹಾಲಿನ ಅವ್ವನಿಗೂ ತೋರಿಸಿದೆ. ಮೊಣಕೈ ಮೇಲೆದ್ದಿತ್ತು, ಪಕ್ಕದವರ ಮಾತಿಗೆ ಬಾಯ್ತುಂಬ ನಗು. ಈ ವರ್ಷ ನಾನು ತೆಗೆದದ್ದರಲ್ಲೇ ಒಳ್ಳೇದು.

"ಅಯ್ಯೋ ತಗ್ದಾಕಪ್ಪ ಮಗ, ತಲೆನೂ ಬಾಚಿಲ್ಲ. ತಡಿ, ಸೆರಗು ಸರಿ ಮಾಡ್ಕತೀನಿ, ಇನ್ನೊಂದು ಪಟ ಹಿಡಿ."

ಅವರೆದುರೇ ಡಿಲೀಟ್ ಮಾಡಿದೆ. ಕೈ ಕಟ್ಟಿ, ನಗದೆ, ನೆಟ್ಟಗೆ ನಿಂತರು. ಅವರ ಮಗನ ವಾಟ್ಸಾಪ್ ಡಿಪಿ ಈಗ ಅದೇ.