ಅರ್ಜಿಯಲ್ಲಿ ಮೊದಲ ಹೆಸರು ಯಾರದು?

ಕಳೆದ ತಿಂಗಳ ನಮ್ಮ ಚರ್ಚಾಕೂಟದಲ್ಲಿ ‘ವಿದೇಶಕ್ಕೆ ಹೋಗಿ ನೆಲೆಸುವುದು ಸರಿಯೆ?’ ಎಂಬ ವಿಷಯವಿತ್ತು. ಪರವಾಗಿ ಮೂವರು, ವಿರೋಧವಾಗಿ ನಾಲ್ವರು ಮಾತಾಡಿದರು. ಪ್ರತಿಭಾ ಪಲಾಯನ ಬಂತು, ಮಾತೃಭೂಮಿ ಬಂತು, ಡಾಲರ್ ಬಂತು. ಚಪ್ಪಾಳೆಯೂ ಬಿತ್ತು. ಆದರೆ ಮದುವೆಯಾಗಿ, ಒಬ್ಬರು ಓದಲಿಕ್ಕೆಂದು ಹೋಗಿ, ಇನ್ನೊಬ್ಬರು ಜೊತೆಗೆ ಹೋಗಿ, ಅಲ್ಲೇ ಉಳಿಯಲು ಇಬ್ಬರೂ ಸೇರಿ ಅರ್ಜಿ ಹಾಕುವಾಗ ಆ ಅರ್ಜಿಯ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ. ಅದಕ್ಕೇ ಈ ಬರಹ.

ನನ್ನ ಅಕ್ಕ ಎಂ.ಕಾಂ. ಮಾಡಿದವಳು. ಫೋರ್ಟಿನ ಆಡಿಟರ್ ಕಚೇರಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದವಳು. 2022ರಲ್ಲಿ ಮದುವೆ. ಭಾವ ಬಿ.ಸಿ.ಎ. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಆಂಟೇರಿಯೋದ ಒಂದು ಕಾಲೇಜಿನಲ್ಲಿ ಎರಡು ವರ್ಷದ ಡಿಪ್ಲೊಮಾಕ್ಕೆ ಭಾವ ಸೇರಿದರು, ಅಕ್ಕ ‘ಸ್ಪೌಸ್’ ಆಗಿ ಹೋದಳು. ಆಗ ಜೀವನವೆಚ್ಚಕ್ಕೆಂದು 10,000 ಕೆನಡಿಯನ್ ಡಾಲರ್ ತೋರಿಸಿದರೆ ಸಾಕಿತ್ತು (2024ರ ಜನವರಿಯಿಂದ ಅದು 20,635 ಆಯಿತು). ಆ ಹಣದಲ್ಲಿ ಅಕ್ಕನ ಪಿ.ಎಫ್. ಇತ್ತು, ನಾಲ್ಕು ಬಳೆ ಇದ್ದವು. ನಾವು ಪಾರ್ಟ್ನರ್‌ಶಿಪ್ ಕಾಯ್ದೆಯಲ್ಲಿ ‘ಸ್ಲೀಪಿಂಗ್ ಪಾರ್ಟ್ನರ್’ ಅಂತ ಓದುತ್ತೇವಲ್ಲ, ಬಂಡವಾಳ ಹಾಕುತ್ತಾನೆ, ಕೆಲಸ ಮಾಡುವುದಿಲ್ಲ. ಅಕ್ಕನದು ಇನ್ನೂ ವಿಚಿತ್ರ. ಬಂಡವಾಳವನ್ನೂ ಹಾಕಿದಳು, ಕೆಲಸವನ್ನೂ ಮಾಡಿದಳು, ಕಾಗದದ ಮೇಲೆ ಮಾತ್ರ ‘ಜೊತೆಗೆ ಬಂದವಳು’.

ಈಗ ಸ್ವಲ್ಪ ನಿಯಮ ಹೇಳಬೇಕು, ಬೇಸರಿಸಬೇಡಿ. ಕೆನಡಾದಲ್ಲಿ 2015ರಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಪದ್ಧತಿ ಇದೆ. ವಯಸ್ಸು, ಓದು, ಭಾಷೆ, ಅನುಭವ ಎಲ್ಲಕ್ಕೂ ಅಂಕ. ಅಂಕ ಹೆಚ್ಚಿದ್ದವರನ್ನು ಆಗಾಗ ಕರೆಯುತ್ತಾರೆ. ಅಲ್ಲೇ ದುಡಿದವರಿಗೆ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ ಎಂಬ ಒಂದು ಬಾಗಿಲಿದೆ. ಅದಕ್ಕೆ ಕನಿಷ್ಠ ಒಂದು ವರ್ಷದ ಕೆಲಸ ಬೇಕು, ಅಂದರೆ 1,560 ಗಂಟೆ, ಅದೂ ನುರಿತ ಕೆಲಸ. ಅಲ್ಲಿ ಎಲ್ಲ ಉದ್ಯೋಗಗಳಿಗೂ 0ಯಿಂದ 5ರವರೆಗೆ ದರ್ಜೆ ಹಾಕಿಟ್ಟಿದ್ದಾರೆ, 3ರವರೆಗಿನದು ಮಾತ್ರ ಲೆಕ್ಕಕ್ಕೆ. ಅಂಗಡಿಯ ಕ್ಯಾಶಿಯರ್ 5. ಅಕೌಂಟಿಂಗ್ ಕ್ಲಾರ್ಕ್ 4. ಬುಕ್‌ಕೀಪರ್ ಆದರೆ 2! ನಮ್ಮ ಕಣ್ಣಿಗೆ ಕ್ಲಾರ್ಕೂ ಬುಕ್‌ಕೀಪರೂ ಒಂದೇ ಮೇಜಿನ ಎರಡು ಬದಿ. ಅವರ ಪುಸ್ತಕದಲ್ಲಿ ಒಂದು ಒಳಗೆ, ಇನ್ನೊಂದು ಹೊರಗೆ.

ಇನ್ನೊಂದು ನಿಯಮ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ ಈ ಒಂದು ವರ್ಷಕ್ಕೆ ಸೇರುವುದೇ ಇಲ್ಲ. ಭಾವ ಎರಡು ವರ್ಷ ಕಾಲೇಜು ಮುಗಿಸಿ ರಾತ್ರಿ ದುಡಿದದ್ದು ಫೀಸಿಗೆ ಆಯಿತು, ಅರ್ಜಿಗೆ ಸೊನ್ನೆ. ಅಕ್ಕನ ಕೆಲಸ ಹಾಗಲ್ಲ. ಅವಳಿಗಿದ್ದದ್ದು ಓಪನ್ ವರ್ಕ್ ಪರ್ಮಿಟ್. ಮೊದಲ ನಾಲ್ಕು ತಿಂಗಳು ಕ್ಯಾಶಿಯರ್ ಆಗಿ ನಿಂತಳು, ಅದು ಹೋಯಿತು ಅನ್ನೋಣ. 2024ರ ಫೆಬ್ರವರಿಯಿಂದ ಬುಕ್‌ಕೀಪರ್. 2025ರ ಫೆಬ್ರವರಿಗೆ ವರ್ಷ ಪೂರ್ತಿ. ಅಂದರೆ ಓದಲು ಹೋದ ಗಂಡನಿಗಿಂತ ಮೊದಲೇ, ಜೊತೆಗೆ ಹೋದ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಅರ್ಜಿ ಅವಳ ಹೆಸರಲ್ಲಿ ಹೋಗಬೇಕು, ಭಾವ ಅವಳ ಗಂಡನಾಗಿ ಅದರಲ್ಲಿ ಬರಬೇಕು.

ಇದನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನಮ್ಮಪ್ಪನೇ, ಎಂಥದು ಮಾತಾಡ್ತೀ ನೀನು, ಯಜಮಾನ ಅವನು, ಅರ್ಜಿ ನಿನ್ನ ಹೆಸರಲ್ಲಾ, ಅಂದುಬಿಟ್ಟರು. ಅಕ್ಕನ ಅತ್ತೆಯವರು ಏನೂ ಅನ್ನಲಿಲ್ಲ, ಎರಡು ವಾರ ಫೋನೇ ಮಾಡಲಿಲ್ಲ. ಅಪ್ಪನಿಗೆ ನಾನು ನಮ್ಮ ರೇಷನ್ ಕಾರ್ಡ್ ತೋರಿಸಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅಮ್ಮನ ಹೆಸರು ಮೊದಲು ಬಂದದ್ದರಿಂದ ಅಪ್ಪನ ಅಕ್ಕಿಯೇನೂ ಕಡಿಮೆಯಾಗಿಲ್ಲ. ಅಪ್ಪ ನಕ್ಕರು, ಒಪ್ಪಲಿಲ್ಲ.

ಮೇ 2025ರಲ್ಲಿ, ಭಾವನ ಡಿಪ್ಲೊಮಾ ಮುಗಿದ ಮೇಲೆ, ನಾನೂ ಅಕ್ಕನೂ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆವು. ವಯಸ್ಸಿಗೆ 100, ಎಂ.ಕಾಂ.ಗೆ 126, ಇಂಗ್ಲಿಷಿಗೆ 116, ಅಲ್ಲಿನ ಒಂದು ವರ್ಷದ ಅನುಭವಕ್ಕೆ 35. ಓದು, ಭಾಷೆ, ಮುಂಬಯಿಯ ಅನುಭವ ಇವುಗಳನ್ನು ಜೋಡಿಸಿ ಕೊಡುವುದು 88. ಒಟ್ಟು 465. (ಇಂಗ್ಲಿಷಿನ 116 ಬರಬೇಕಾದರೆ ಐ.ಇ.ಎಲ್.ಟಿ.ಎಸ್.ನಲ್ಲಿ ಕೇಳುವುದರಲ್ಲಿ 8, ಮಿಕ್ಕ ಮೂರರಲ್ಲಿ 7 ಬೇಕು. ಅಕ್ಕನೂ ನನ್ನ ಹಾಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯವಳೇ. ಕನ್ನಡ ಮಾಧ್ಯಮದವರಿಗೆ ಆಗದು ಎನ್ನುವ ಮಿತ್ರರು ಇದನ್ನು ಗಮನಿಸಬೇಕು.) ಇದಕ್ಕೆ ಗಂಡನ ಅಂಕ ಸೇರಬೇಕು. ಭಾವನ ಓದಿಗೆ 9. ಅವರು ಭಾಷಾ ಪರೀಕ್ಷೆಯಲ್ಲಿ ಅಕ್ಕನಷ್ಟೇ ಮಾಡಿದರೆ ಇನ್ನೂ 20. ಬರೆದರೆ 494, ಬರೆಯದಿದ್ದರೆ 474. ಮದುವೆಯೇ ಆಗಿರದಿದ್ದರೆ ಅಕ್ಕನಿಗೆ 497. ನೋಡಿ, ಗಂಡ ಪರೀಕ್ಷೆ ಬರೆದರೆ ಮದುವೆಯ ಖರ್ಚು ಮೂರು ಅಂಕ, ಬರೆಯದಿದ್ದರೆ ಇಪ್ಪತ್ತಮೂರು.

ಭಾವ ಬರೆಯಲಿಲ್ಲ. ಆಗಲೇ ಒಂದು ಬರೆದಿದ್ದೇನಲ್ಲ ಅಂದರು. ಕಾಲೇಜಿಗೆ ಬರೆದದ್ದು ‘ಅಕಾಡೆಮಿಕ್’, ಇದಕ್ಕೆ ‘ಜನರಲ್’ ಬೇಕು, ಎರಡೂ ಬೇರೆ. ನನ್ನ ಹೆಸರಲ್ಲಿ ಹಾಕುವಾಗ ಬರೆಯುತ್ತೇನೆ, ನಿನಗೇನು ಅವಸರ, ಎಂದರಂತೆ. ಭಾವ ಕೆಟ್ಟವರಲ್ಲ. ಅಕ್ಕನಿಗೆ ಜ್ವರ ಬಂದರೆ ಗಂಜಿ ಮಾಡಿ ಕೊಡುವವರು. ಆದರೆ ಹೆಂಡತಿಯ ಅರ್ಜಿಗೆ ತಾನು ಪರೀಕ್ಷೆ ಬರೆಯುವುದು ಎಂಬ ಒಂದು ವಿಷಯ ಅವರ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಆಗಸ್ಟ್ 31ಕ್ಕೆ ಅಕ್ಕನ ಪರ್ಮಿಟ್ ಮುಗಿಯುವುದಿತ್ತು. ಭಾವನಿಗೆ ವರ್ಕ್ ಪರ್ಮಿಟ್ ಇತ್ತು. ಆದರೆ 2025ರ ಜನವರಿ 21ರಿಂದ ನಿಯಮ ಬಿಗಿಯಾಗಿದೆ. ಗಂಡ ಅಥವಾ ಹೆಂಡತಿ 0 ಅಥವಾ 1ನೇ ದರ್ಜೆಯ ಕೆಲಸದಲ್ಲಿ, ಇಲ್ಲವೆ 2, 3ರಲ್ಲಿ ಆಯ್ದ ಕೆಲವು ಕೆಲಸಗಳಲ್ಲಿ ಇದ್ದರೆ ಮಾತ್ರ ಜೊತೆಯವರಿಗೆ ಪರ್ಮಿಟ್. ಭಾವನಿಗೆ ಒಂದು ಸಣ್ಣ ಕಂಪೆನಿಯಲ್ಲಿ ವೆಬ್ ಡೆವಲಪರ್ ಕೆಲಸ ಸಿಗುವುದರಲ್ಲಿತ್ತು. ಅದು 1ನೇ ದರ್ಜೆ, ಸಂಬಳ ಕಡಿಮೆ. ಗೋದಾಮಿನ ರಾತ್ರಿಪಾಳಿಯಲ್ಲಿ ಓವರ್‌ಟೈಮ್ ಸೇರಿ ಹೆಚ್ಚು ಬರುತ್ತಿತ್ತು. ಊರಿನ ಬ್ಯಾಂಕಿನ ಸಾಲದ ಕಂತು ಕೂತಿತ್ತು. ಭಾವ ಗೋದಾಮಿಗೆ ಹೋದರು. ಕಂತಿನ ಲೆಕ್ಕ ಸರಿಯಾಗಿಯೇ ಇತ್ತು, ಅಕ್ಕನ ಪರ್ಮಿಟ್ ಮಾತ್ರ ಆ ಲೆಕ್ಕದಲ್ಲಿ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಹತ್ತೊಂಬತ್ತು ತಿಂಗಳ ಬುಕ್‌ಕೀಪಿಂಗ್ ಅಲ್ಲಿಗೆ ನಿಂತಿತು. ಇನ್ನು ಐದು ತಿಂಗಳು ಸಾಗಿ ಎರಡು ವರ್ಷವಾಗಿದ್ದರೆ, ಭಾವ ಪರೀಕ್ಷೆಯನ್ನೂ ಬರೆದಿದ್ದರೆ, 517 ಆಗುತ್ತಿತ್ತು. 2025ರಲ್ಲಿ ಈ ವರ್ಗದ ಕರೆಗಳೆಲ್ಲ 500ರ ಮೇಲೆಯೇ ನಿಂತವು. 517ಕ್ಕೆ ಸಿಕ್ಕೇಬಿಡುತ್ತಿತ್ತು ಎಂದು ನಾನು ಹೇಳಲಾರೆ. ಆದರೆ 474ಕ್ಕೆ ಸಿಗದು ಎಂಬುದನ್ನು ಹೇಳಲು ಬಿ.ಕಾಂ. ಬೇಕಾಗಿಲ್ಲ. ಈಗ ಅಕ್ಕ ವಿಸಿಟರ್ ಆಗಿ ಮನೆಯಲ್ಲಿದ್ದಾಳೆ. ದುಡಿಯುವಂತಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಭಾವ ಕೊನೆಗೂ ಜನರಲ್ ಪರೀಕ್ಷೆ ಬರೆದರು, ಚೆನ್ನಾಗಿಯೇ ಬರೆದರು. ಅಂಕ 494ಕ್ಕೆ ಏರಿತು. ಮೇ ತಿಂಗಳಲ್ಲಿ ಬರೆಯಬಹುದಾಗಿದ್ದದ್ದು.

ಆಕ್ಷೇಪ ಏನು ಬರುತ್ತದೆಂದು ಗೊತ್ತು. ಗಂಡಹೆಂಡಿರ ನಡುವೆ ಇಂಥ ಲೆಕ್ಕ ಎಂಥದು ಅಂತ. ಲೆಕ್ಕ ನಾನು ಹಾಕಿದ್ದಲ್ಲ ಸ್ವಾಮಿ, ಸರ್ಕಾರಗಳು ಹಾಕಿವೆ. ಅಮೆರಿಕದಲ್ಲಿ ಎಫ್-1 ವಿದ್ಯಾರ್ಥಿಯ ಜೊತೆ ಎಫ್-2 ಆಗಿ ಹೋದವರು ದುಡಿಯುವಂತೆಯೇ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ, ಸಂಶೋಧನೆಯ ಕೋರ್ಸ್ ಅಲ್ಲದ ಸಾಮಾನ್ಯ ಎಂ.ಎ., ಎಂ.ಎಸ್ಸಿ.ಗೆ ಹೋಗುವವರಲ್ಲಿ ಬಹುತೇಕರು ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಕರೆದೊಯ್ಯುವಂತಿಲ್ಲ. ಕೆನಡಾದಲ್ಲೂ ಈಗ ಭಾವನಂಥ ಡಿಪ್ಲೊಮಾದವರ ಸಂಗಾತಿಗೆ ಪರ್ಮಿಟ್ ಇಲ್ಲ. ಓದುವವರು ಪಿಎಚ್.ಡಿ. ಮಾಡುತ್ತಿರಬೇಕು, ಇಲ್ಲವೆ ಹದಿನಾರು ತಿಂಗಳಿಗೆ ಕಡಿಮೆಯಿಲ್ಲದ ಮಾಸ್ಟರ್ಸ್, ಇಲ್ಲವೆ ಕೆಲವು ವೃತ್ತಿ ಕೋರ್ಸು. ಇಂಥ ಕಡೆ ಹೋಗುವಾಗ, ಇಬ್ಬರಲ್ಲಿ ಓದುವವರು ಯಾರು, ದುಡಿಯುವವರು ಯಾರು, ಅರ್ಜಿ ಯಾರದು ಎಂಬುದನ್ನು ಇಲ್ಲಿಂದ ಹೊರಡುವ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು, ಗಂಡೆಂಬ ಕಾರಣಕ್ಕೆ ತೀರ್ಮಾನಿಸಬಾರದು ಎನ್ನುವುದಷ್ಟೇ ನನ್ನ ವಾದ. ಬುದ್ಧಿವಂತರು ಇನ್ನೊಂದು ದಾರಿ ಹೇಳಿಕೊಡುತ್ತಾರೆ, ಮದುವೆಯನ್ನೇ ಮುಚ್ಚಿಡಿ ಅಂತ. ಅದು ಸುಳ್ಳು. ಮುಚ್ಚಿಟ್ಟ ಸಂಗಾತಿಯನ್ನು ಮುಂದೆ ಕರೆಸಿಕೊಳ್ಳಲು ಕಾನೂನೇ ಅಡ್ಡ ಬರುತ್ತದೆ. ಆ ಕಡೆ ಹೋಗಬೇಡಿ.

ಇದನ್ನು ಬರೆಯುವ ಹೊತ್ತಿಗೆ ನನಗೂ ಒಂದು ಸಂಬಂಧ ಬಂದಿದೆ. ಹುಡುಗ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾನೆ, ಮುಂದೆ ಪಿ.ಆರ್. ಅಂತೆ. ತಂದವರು ಡೊಂಬಿವಲಿಯ ಮಾವ. ಅಲ್ಲಿಯ ಅಂಕಪಟ್ಟಿ ನೋಡಿದೆ. ಒಂಟಿಯಾಗಿದ್ದರೆ 10, ಹೆಂಡತಿಗೆ ವೃತ್ತಿಯೂ ಇಂಗ್ಲಿಷೂ ಇದ್ದರೆ 10, ಬರೀ ಇಂಗ್ಲಿಷ್ ಇದ್ದರೆ 5, ಏನೂ ಇಲ್ಲದಿದ್ದರೆ ಸೊನ್ನೆ. ಮಾವ ಬಂದಾಗ ಚಹಾ ಕೊಟ್ಟು ಕೇಳಿದೆ: ಮಾವಾ, ಅರ್ಜಿಯಲ್ಲಿ ಮೊದಲ ಹೆಸರು ಯಾರದು ಅಂತ ಹುಡುಗನನ್ನು ಕೇಳಿದ್ದೀರಾ? ನನ್ನದಾದರೂ ಅವನಿಗೆ ಅಡ್ಡಿಯಿಲ್ಲವಾ? ಮಾವ ಅಮ್ಮನ ಮುಖ ನೋಡಿದರು. ಕೇಳಿ ಹೇಳ್ತೇನೆ ಅಂದು ಹೋದವರು, ಹದಿನೈದು ದಿನವಾಯಿತು, ಇನ್ನೂ ಹೇಳಿಲ್ಲ.